ಡಬ್ಬಿಯ ಮುಚ್ಚಳದ ಚೀಟಿ

ಫೆಬ್ರವರಿ 6

ಗುಬ್ಬಿ,

ನಾನು ಕ್ಷೇಮ, ನೀನೂ ಕ್ಷೇಮವೆಂದು ನಂಬಿದ್ದೇನೆ ಅಂತ ಶುರು ಮಾಡಲು ಕೈ ಬರುತ್ತಿಲ್ಲ. ಹನ್ನೊಂದು ದಿನ ನನ್ನ ಜೀವ ಹಿಂಡಿ, ಹನ್ನೆರಡನೆಯ ದಿನ ಮೂರೇ ಮೂರು ಸಾಲು ಕಳಿಸಿದ್ದೀಯ. "ಮನೆ ಬಿಟ್ಟಿದ್ದೇನೆ. ಹುಷಾರಾಗಿದ್ದೇನೆ. ಅವರಿಗೆ ಹೇಳಬೇಡ." ಕೆಳಗೆ ಒಂದು ವಿಳಾಸ, ಮನೆಯೊಡತಿಯ ಫೋನ್ ನಂಬರು. ನೀನು ಕೈಗೆ ಸಿಕ್ಕಿದ್ದರೆ ಮೊದಲು ಎರಡು ಬಾರಿಸಿ ಆಮೇಲೆ ತಬ್ಬಿಕೊಳ್ಳುತ್ತಿದ್ದೆ. ನನ್ನ ಅಂಗಡಿಗೆ ಬರೆಯದೆ ಪಕ್ಕದ ಕನ್ನಡಕದಂಗಡಿಯವರ ವಿಳಾಸಕ್ಕೆ ಬರೆದದ್ದು ಮಾತ್ರ ಜಾಣತನ. ಅವರು ಕಾಗದವನ್ನು ಕನ್ನಡಕ ಒರೆಸುವ ಬಟ್ಟೆಯಲ್ಲಿ ಸುತ್ತಿ ತಂದುಕೊಟ್ಟು, "ನಾನೇನೂ ಕೇಳಲ್ಲಮ್ಮ" ಎಂದು ಹೊರಟುಹೋದರು.

ಮೊದಲು ಫೋನಿನ ವಿಷಯ. ಹದಿನೆಂಟು ವರ್ಷದಿಂದ ಫೋನುಗಳ ಹೊಟ್ಟೆ ಬಗೆಯುತ್ತಿರುವವಳು ಹೇಳುತ್ತಿದ್ದೇನೆ, ಉದಾಸೀನ ಮಾಡದೆ ಕೇಳು. ಅದನ್ನು ಚರಂಡಿಗೆ ಎಸೆ ಎನ್ನುತ್ತಿದ್ದೆ. ಆದರೆ ಅಮ್ಮ ಹೋಗುವ ಮುಂಚೆ ನಿನಗೆ ತನ್ನ ದನಿಯಲ್ಲೇ ಕಳಿಸಿದ ಮಾತು ಅದರಲ್ಲಿದೆ, ಎಸೆ ಅಂದರೂ ನೀನು ಎಸೆಯುವವಳಲ್ಲ. ಹಾಗಾಗಿ ಹಳೆ ಸಿಮ್ ತೆಗೆದು ಮುರಿದುಹಾಕು. ಸೆಟ್ಟಿಂಗ್ಸ್‌ಗೆ ಹೋಗಿ ಲೊಕೇಶನ್ ಆಫ್ ಮಾಡು. ಅಷ್ಟಕ್ಕೇ ಬಿಡಬೇಡ. ಅದರ ಕೆಳಗೇ ಯಾವ ಯಾವ ಆ್ಯಪ್‌ಗೆ ಅನುಮತಿ ಕೊಟ್ಟಿದ್ದೀಯ ಅಂತ ಪಟ್ಟಿ ಇರುತ್ತದೆ, ಒಂದೊಂದಾಗಿ ಕಿತ್ತುಹಾಕು. ನೋಡಿದರೆ ನಗು ಬರುತ್ತದೆ. ಟಾರ್ಚಿಗೂ ನೀನು ಎಲ್ಲಿದ್ದೀಯ ಅಂತ ಬೇಕಂತೆ! ಕತ್ತಲೆ ಎಲ್ಲಿದ್ದರೇನು ಅದಕ್ಕೆ? ಮನೆಯವರು ಎಲ್ಲಿದ್ದಾರೆಂದು ತೋರಿಸುವ ಆ್ಯಪ್ ಒಂದಿದೆಯಲ್ಲ, ನಕ್ಷೆಯ ಮೇಲೆ ಮುಖ ಕಾಣುವುದು, ಅದನ್ನು ಬುಡಸಮೇತ ಅಳಿಸು.

ನಿನ್ನ ಗಂಡ, ಊರಿಗೆಲ್ಲ ಚಿತ್ರದ ಮೇಷ್ಟ್ರು, ಮೊನ್ನೆ ಬಂದಿದ್ದರು. ಅದೇ ಇಸ್ತ್ರಿ ಮಾಡಿದ ಶರ್ಟು, ಜೇಬಿನಲ್ಲಿ ಚೂಪು ಮಾಡಿದ ಎರಡು ಪೆನ್ಸಿಲು. ಗಿರಾಕಿಗಳ ಸ್ಟೂಲಿನ ಮೇಲೆ ಕೂತು ಕಣ್ಣೀರು ಹಾಕಿದರು. "ನನ್ನಿಂದ ಏನ್ ತಪ್ಪಾಯ್ತು ಅಂತ ಒಂದ್ ಮಾತು ಹೇಳಿ ಹೋಗಬಹುದಿತ್ತಲ್ಲ ಅಕ್ಕಾ" ಅಂದರು. ಆಗಿನ್ನೂ ನಿನ್ನ ಚೀಟಿ ಬಂದಿರಲಿಲ್ಲ. ನಾನೂ ಅತ್ತೆ. ಈಗ ನೆನೆಸಿಕೊಂಡರೆ ಮೈ ಪರಚಿಕೊಳ್ಳುವಂತಾಗುತ್ತದೆ.

ಅವರು ಮತ್ತೆ ಬಂದರೆ ಏನು ಮಾಡಲಿ ಹೇಳು. ಸುಳ್ಳು ಹೇಳಿದರೆ ನನ್ನ ಕಿವಿ ಕೆಂಪಾಗುವುದು ನಿನಗೆ ಗೊತ್ತು, ಅವರಿಗೂ ಗೊತ್ತು.

ಕೋಪದಲ್ಲೂ ನಿನ್ನವಳೇ ಆದ,
ಅಕ್ಕ


ಫೆಬ್ರವರಿ 19

ಅಕ್ಕಾ,

ನೀನು ಬೈದು ಬರೆದದ್ದನ್ನು ಓದಿ ನಕ್ಕೆ. ನಗದೆ ಎಷ್ಟು ದಿನವಾಗಿತ್ತೋ, ದವಡೆ ನೋವಾಯಿತು.

ಹೊರಟ ದಿನದಿಂದ ಆಫ್ ಮಾಡಿಟ್ಟಿದ್ದ ಫೋನು ತೆರೆದು, ನೀನು ಹೇಳಿದ್ದನ್ನೆಲ್ಲ ಮಾಡಿದ್ದೇನೆ. ಮನೆಯೊಡತಿ ಟೈಪಿಂಗ್ ಕಲಿಸಿ ನಿವೃತ್ತರಾದವರು, ಎಲ್ಲರಿಗೂ ಟೀಚರಮ್ಮ. ಅವರೇ ಭೂತಗನ್ನಡಿ ಹಿಡಿದು ಪಕ್ಕದಲ್ಲಿ ಕೂತು ಒಂದೊಂದು ಸಾಲನ್ನೂ ಜೋರಾಗಿ ಓದಿದರು. ನಾನು ಆಫ್ ಮಾಡಿದಾಗಲೆಲ್ಲ "ಮುಂದಿನದು!" ಎಂದು ಗದರಿದರು. ಒಟ್ಟು ಇಪ್ಪತ್ತಮೂರು ಅನುಮತಿ ಕಿತ್ತೆವು.

ಕೋಣೆ ಚಿಕ್ಕದು. ಮಂಚ, ಗೋಡೆಗೆ ಮೂರು ಮೊಳೆ, ಕಾಲು ಕುಂಟುವ ಮೇಜು. ಬಾಗಿಲಿಗೆ ಒಳಗಿನಿಂದ ಚಿಲಕವಿದೆ. ಕೆಲಸ ಒಂದು ದೊಡ್ಡ ಲಾಡ್ಜಿನ ಲಾಂಡ್ರಿಯಲ್ಲಿ. ದಿನಕ್ಕೆ ನಾನೂರು ಹಾಸಿಗೆ ಹೊದಿಕೆ ಬರುತ್ತವೆ. ಇಬ್ಬಿಬ್ಬರು ಎದುರು ಬದುರು ನಿಂತು ಒದ್ದೆ ಹೊದಿಕೆಯ ಮೂಲೆ ಹಿಡಿದು ಝಾಡಿಸಿ, ಬಿಸಿ ಉರುಳೆಯೊಳಗೆ ಬಿಡಬೇಕು. ಆವಿಯಲ್ಲಿ ಪಕ್ಕದವರ ಮುಖವೂ ಕಾಣುವುದಿಲ್ಲ. ನನಗೆ ಅದೇ ಹಿತ. ನಮ್ಮ ಮೇಲಿನವರನ್ನು ಎಲ್ಲರೂ ದೊಡ್ಡಮ್ಮ ಅನ್ನುತ್ತಾರೆ. ನನ್ನ ಎಡಗೈ ಮಣಿಕಟ್ಟು ಪೂರ್ತಿ ತಿರುಗದಿರುವುದನ್ನು ಮೊದಲ ದಿನವೇ ಗಮನಿಸಿ, ಕೇಳದೆ ಹಗುರ ತುದಿಗೆ ನಿಲ್ಲಿಸಿದರು.

ಕೆಲಸದ ಕಿಟಕಿಯ ಒಂದು ಫೋಟೋ ತೆಗೆದಿದ್ದೇನೆ, ಎಂದಾದರೂ ನಿನಗೆ ತೋರಿಸಲು. ಹೆದರಬೇಡ, ಯಾರಿಗೂ ಕಳಿಸಿಲ್ಲ. ಎಂದಿನಂತೆ ಹೆಬ್ಬೆರಳು ಅಡ್ಡ ಬಂದಿದೆ.

ಪೊಲೀಸ್ ಎನ್ನಬೇಡ. ಹೋಗಿದ್ದೆ. ಅಲ್ಲಿ ಬರೆದುಕೊಳ್ಳುವವರ ಮಗಳು ಇವರ ಚಿತ್ರಕಲೆ ಕ್ಲಾಸಿನಲ್ಲೇ ಇದ್ದಾಳೆ. "ಮೇಷ್ಟ್ರಾ? ಅಯ್ಯೋ, ಅವರು ದೇವರಂಥೋರಲ್ವಾ" ಎಂದು ಕಳಿಸಿಬಿಟ್ಟರು.

ಮಣಿಕಟ್ಟು ಬಚ್ಚಲಲ್ಲಿ ಜಾರಿ ಮುರಿದದ್ದಲ್ಲ. ನಿನಗೆ ಹೇಳಿರಲಿಲ್ಲ, ನೀನೂ ಕೇಳಲಿಲ್ಲ. ಅಂದು ಬರುವಾಗ ಹೂವಿನ ಅಂಗಡಿಯ ಹತ್ತಿರ ಹನ್ನೊಂದು ನಿಮಿಷ ನಿಂತಿದ್ದೆನಂತೆ. ಮನೆಗೆ ಬಂದಾಗ ಅವರು ತಮ್ಮ ಫೋನು ಮುಂದಿಟ್ಟುಕೊಂಡು ಕೂತಿದ್ದರು. ಕೂಗಲಿಲ್ಲ. "ಯಾರ ಜೊತೆ?" ಅಂದರು. ಚಪ್ಪಲಿ ಕಿತ್ತಿತ್ತು ಅಕ್ಕಾ, ಪಿನ್ನು ಹಾಕುತ್ತಿದ್ದೆ. ಹೇಳಿದೆ. "ಹನ್ನೊಂದು ನಿಮಿಷ ಪಿನ್ನು ಹಾಕ್ತಾರಾ?" ಎನ್ನುತ್ತಾ ಕೈ ತಿರುಚಿದರು. ಆಮೇಲೆ ಎರಡು ವರ್ಷ ಎಲ್ಲಿ ನಿಂತರೂ ನಿಮಿಷ ಎಣಿಸಿಕೊಂಡು ಬದುಕಿದೆ.

ಒಂದು ಮಾತು ಮಾತ್ರ ತಲೆ ತಿನ್ನುತ್ತದೆ. ಆ ಹುಡುಕುವ ಆ್ಯಪ್ ನನ್ನ ಫೋನಿಗೆ ಯಾರು ಹಾಕಿದ್ದು? ಅವರಿಗೆ ಅಲಾರಂ ಇಡಲೂ ಬರುತ್ತಿರಲಿಲ್ಲ.

ಚಿಲಕ ಹಾಕಿದ ಕೋಣೆಯಿಂದ,
ಗುಬ್ಬಿ


ಮಾರ್ಚ್ 5

ಗುಬ್ಬಿ,

ಮಣಿಕಟ್ಟಿನ ವಿಷಯ ಓದಿ ಅಂಗಡಿಯ ಶಟರ್ ಅರ್ಧ ಎಳೆದು ಕೂತುಬಿಟ್ಟೆ. ಅದರ ಬಗ್ಗೆ ಈಗ ಬರೆಯಲಾರೆ, ಇನ್ನೊಮ್ಮೆ ಬರೆಯುತ್ತೇನೆ.

ಈ ತಿಂಗಳು ಬರೀ ನೀರಿಗೆ ಬಿದ್ದ ಫೋನುಗಳೇ. ಒಬ್ಬ ಮಹಾರಾಯ ಫೋನನ್ನು ಶರ್ಟಿನ ಜೊತೆ ಒಗೆದು, ಒಣಗಲೆಂದು ಕ್ಲಿಪ್ಪು ಹಾಕಿ ತಂತಿಗೆ ನೇತುಹಾಕಿದ್ದನಂತೆ. ಕನ್ನಡಕದಂಗಡಿಯವರಿಗೆ ನೆಗಡಿ. ಸೀನಿದಾಗಲೆಲ್ಲ ಅವರ ಕನ್ನಡಕವೇ ಹಾರಿ ಬೀಳುತ್ತದೆ.

ನಿನ್ನೆ ಮೇಷ್ಟ್ರು ಬಂದಿದ್ದರು, ಫೋನಿಗೆ ಗಾಜು ಅಂಟಿಸಿಕೊಳ್ಳುವ ನೆಪದಲ್ಲಿ. ನಿನ್ನ ಸುದ್ದಿ ಕೇಳಲೇ ಇಲ್ಲ. ನಾನು ಗಾಜು ಒರೆಸುತ್ತಿದ್ದಾಗ ತಣ್ಣಗೆ, "ಅವಳಿಗೆ ಆವಿ ಅಂದ್ರೆ ಮೊದಲಿಂದ್ಲೂ ಆಗ್ತಿರ್ಲಿಲ್ಲ ಅಲ್ವಾ ಅಕ್ಕಾ? ತಲೆ ಸುತ್ತುತ್ತೆ ಅನ್ನೋಳು" ಅಂದರು. ಕಿವಿ ಬಿಸಿಯಾದದ್ದು ನನಗೇ ಗೊತ್ತಾಯಿತು. ಅವರು ಅದನ್ನೇ ನೋಡುತ್ತಾ ಕೂತಿದ್ದರು.

ಆವಿ ಅಂತ ಅವರಿಗೆ ಹೇಗೆ ಗೊತ್ತು? ನನ್ನ ಬಾಯಿಂದ ಒಂದಕ್ಷರ ಹೊರಬಿದ್ದಿಲ್ಲ. ನೀನು ಎಲ್ಲೋ ಏನೋ ಆನ್ ಮಾಡಿದ್ದೀಯ. ಹಳೆ ಗೆಳತಿ ಯಾರಿಗಾದರೂ ಫೋನ್ ಮಾಡಿದೆಯಾ? ಇನ್ನೊಂದು ಸಲ ಎಲ್ಲ ನೋಡು. ಬ್ಲೂಟೂತ್, ವೈಫೈ, ಎಲ್ಲ. ನಿನಗೆ ಸಣ್ಣಂದಿನಿಂದಲೂ ಬಾಗಿಲು ತೆರೆದಿಟ್ಟು ಹೋಗುವ ಅಭ್ಯಾಸ, ಅದಕ್ಕೇ ಬಡಕೊಳ್ಳುತ್ತಿದ್ದೇನೆ.

ಆ ಆ್ಯಪ್ ಯಾರು ಹಾಕಿದರು ಅನ್ನುವುದೆಲ್ಲ ಈಗ್ಯಾಕೆ, ಆಗಿದ್ದು ಆಗಿಹೋಯಿತು. ಮುಂದಿನದು ನೋಡೋಣ.

ಕೂತಲ್ಲಿ ಕೂರಲಾಗದ,
ಅಕ್ಕ


ಮಾರ್ಚ್ 15

ಅಕ್ಕಾ,

ಬಾಗಿಲು ತೆರೆದಿಟ್ಟವಳು ನಾನಲ್ಲ. ಟೀಚರಮ್ಮನ ಜೊತೆ ಇನ್ನೊಂದು ಸಲ ಎಲ್ಲ ನೋಡಿದೆ. ಎಲ್ಲ ಆಫ್ ಇದೆ. ಯಾರಿಗೂ ಫೋನ್ ಮಾಡಿಲ್ಲ. ಆವಿಯ ವಿಷಯ ನಾನು ಬರೆದದ್ದು ನಿನಗೊಬ್ಬಳಿಗೇ. ಕೇಳಬಾರದು ಅಂದುಕೊಂಡೆ, ಆದರೂ ಕೇಳುತ್ತಿದ್ದೇನೆ. ಅವರು ಅತ್ತಾಗ ನೀನು ಕರಗಿದೆಯಾ?

ನಿನ್ನೆ ಲಾಂಡ್ರಿಗೆ ಒಂದು ಲಕೋಟೆ ಬಂತು. ಮೇಲೆ ಲಾಡ್ಜಿನ ಹೆಸರು, ಕೆಳಗೆ ನನ್ನ ಹೆಸರು, ಅವರದೇ ಮುತ್ತು ಪೋಣಿಸಿದಂಥ ಅಕ್ಷರ. ಒಳಗೆ ಕಾಗದವಿಲ್ಲ, ಒಂದು ಚಿತ್ರ. ಪೆನ್ಸಿಲಿನದು. ನಮ್ಮ ಲಾಂಡ್ರಿಯ ಕಿಟಕಿ ಅಕ್ಕಾ. ಒಡೆದ ಗಾಜಿಗೆ ಅಂಟಿಸಿದ ರಟ್ಟು, ಮೂರು ಚಕ್ರದ ಗಾಡಿ, ಮಡಿಸಿಟ್ಟ ಹೊದಿಕೆಗಳ ಅಂಚಿನಲ್ಲಿ ಅಚ್ಚಾದ ಲಾಡ್ಜಿನ ಹೆಸರು, ಎಲ್ಲ ಇದ್ದಂತೆಯೇ ಬರೆದಿದ್ದಾರೆ. ಬಲಗಡೆ ಕೆಳಮೂಲೆಯಲ್ಲಿ ಒಂದು ಕಪ್ಪು ಮಬ್ಬು. ಪೆನ್ಸಿಲನ್ನು ಅಡ್ಡಲಾಗಿ ಉಜ್ಜಿ ಉಜ್ಜಿ ಅದನ್ನೂ ಬರೆದಿದ್ದಾರೆ. ಅದೇನೆಂದು ಬಹಳ ಹೊತ್ತು ನೋಡಿದೆ.

ಅದು ನನ್ನ ಹೆಬ್ಬೆರಳು.

ಇಲ್ಲಿಗೆ ಬಂದು ನೋಡಿ ಬರೆದದ್ದಲ್ಲ ಇದು. ನನ್ನ ಫೋನಿನೊಳಗಿನ ಫೋಟೋ ನೋಡಿ ಬರೆದದ್ದು. ಫೋನು ನನ್ನ ದಿಂಬಿನ ಕೆಳಗೇ ಇದೆ. ಹೇಗೆ ಅಕ್ಕಾ? ನೀನು ಹದಿನೆಂಟು ವರ್ಷ ಫೋನು ಬಿಚ್ಚಿದವಳು, ನೀನೇ ಹೇಳು. ಅದು ತಿಳಿಯದೆ ಎಲ್ಲಿಗೆ ಓಡಿದರೂ ಹಿಂದೆಯೇ ಬರುತ್ತಾರೆ.

ಗುಬ್ಬಿ


ಮಾರ್ಚ್ 19

ಗುಬ್ಬಿ,

ಕನ್ನಡಕದಂಗಡಿಯ ಫೋನಿನಿಂದ ಈಗತಾನೆ ಟೀಚರಮ್ಮನಿಗೆ ಕರೆ ಮಾಡಿದೆ. ನೀನು ಕೆಲಸದಲ್ಲಿದ್ದೆ. "ಅಲ್ಲಿಂದ ಇವತ್ತೇ ಹೊರಡು ಅಂತ ಹೇಳಿ" ಎಂದಷ್ಟೇ ಹೇಳಲು ಸಾಧ್ಯವಾಯಿತು. ಯಾಕೆ ಎಂಬುದನ್ನು ಅವರ ಕಿವಿಗೆ ಹಾಕಲು ಬಾಯಿ ಬರಲಿಲ್ಲ. ಅದನ್ನು ನಿನಗೇ ಬರೆಯುತ್ತಿದ್ದೇನೆ.

ಹೆಬ್ಬೆರಳು ಅಂತ ಓದಿದ ತಕ್ಷಣ ಗೊತ್ತಾಯಿತು. ನನಗೆ ಅದು ಫೆಬ್ರವರಿಯಲ್ಲೇ ಹೊಳೆಯಬೇಕಿತ್ತು. ಹೊಳೆದಿತ್ತೋ ಏನೋ, ಅದರ ಕಡೆ ನೋಡಲು ಧೈರ್ಯವಿರಲಿಲ್ಲ.

ಆ ಆ್ಯಪ್ ಹಾಕಿದವಳು ನಾನು.

ಅವರು ನಿನಗೆ ಫೋನು ಕೊಂಡದ್ದು ನನ್ನ ಅಂಗಡಿಯಲ್ಲೇ ತಾನೆ? "ಬರೋದು ಸಂಜೆ ಆಗುತ್ತೆ, ಜೀವ ಹೊಡಕೊಳ್ಳುತ್ತೆ ಅಕ್ಕಾ, ಅವಳು ಎಲ್ಲಿದ್ದಾಳೆ ಅಂತ ಕಾಣೋ ಹಾಗೆ ಮಾಡಿಕೊಡಿ" ಅಂದರು. ನಾನು ಹಿಗ್ಗಿಹೋದೆ. ಎಂಥಾ ಗಂಡ ಸಿಕ್ಕಿದ ನನ್ನ ತಂಗಿಗೆ ಅಂತ. ಇಬ್ಬರೂ ಚಹಾ ಕುಡಿದುಕೊಂಡು, ನಗುನಗುತ್ತಾ, ನಿನ್ನ ಫೋನು ಸಿದ್ಧ ಮಾಡಿದೆವು. ನಿನ್ನನ್ನು ಒಂದು ಮಾತು ಕೇಳಬೇಕು ಅಂತ ನನಗೆ ಅನ್ನಿಸಲೇ ಇಲ್ಲ.

ಇನ್ನೊಂದಿದೆ. ನನ್ನ ಅಂಗಡಿಯ ಪದ್ಧತಿ ನಿನಗೆ ಗೊತ್ತು. ಪಾಸ್‌ವರ್ಡ್ ಮರೆತು ಬಂದು ಅಳುವವರು ಜಾಸ್ತಿ ಅಂತ, ಯಾರೇ ಹೊಸ ಫೋನು ತಗೊಂಡರೂ ನಾನೇ ಖಾತೆ ತೆರೆದು, ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು, ಡಬ್ಬಿಯ ಮುಚ್ಚಳದ ಒಳಗಡೆ ಅಂಟಿಸಿ ಕೊಡುತ್ತೇನೆ. ಎಲ್ಲರೂ ಹೊಗಳಿದರು, ನಾನು ಬೀಗಿದೆ. ನಿನ್ನದಕ್ಕೂ ಹಾಗೇ ಮಾಡಿದೆ. ಅಮ್ಮ ಕರೆಯುತ್ತಿದ್ದ ನಿನ್ನ ಹೆಸರು, ಮುಂದೆ ನೀನು ಹುಟ್ಟಿದ ವರ್ಷ. ಫೋನು ನಿನ್ನ ಕೈಗೆ ಬಂತು, ಡಬ್ಬಿ ಅವರ ಬೀರುವಿಗೆ ಹೋಯಿತು. ಒಂದು ಖಾಲಿ ಡಬ್ಬಿಯನ್ನೂ ಎಸೆಯದ ಮನುಷ್ಯ ಅದು.

ಸಿಮ್ ಇಲ್ಲದಿದ್ದರೂ, ಎಲ್ಲಾದರೂ ವೈಫೈ ಸಿಕ್ಕಿದ ಕೂಡಲೇ ನೀನು ತೆಗೆದ ಫೋಟೋ ಎಲ್ಲ ಆ ಖಾತೆಗೆ ತಾವಾಗಿಯೇ ಸೇರಿ ಉಳಿಯುತ್ತವೆ. ಪಾಸ್‌ವರ್ಡ್ ಇದ್ದವರು ಎಲ್ಲಿ ಕೂತಾದರೂ ತೆರೆದು ನೋಡಬಹುದು. ಲೊಕೇಶನ್ ಆಫ್ ಮಾಡು, ಟಾರ್ಚಿನ ಅನುಮತಿ ಕಿತ್ತುಹಾಕು ಅಂತೆಲ್ಲ ನಿನಗೆ ಪಾಠ ಹೇಳಿದೆನಲ್ಲ, ಆಗ ಕೀಲಿಕೈ ನನ್ನ ಕೈಬರಹದಲ್ಲೇ ಅವರ ಮನೆಯಲ್ಲಿತ್ತು. ಇವತ್ತು ಖಾತೆ ತೆರೆದು ನೋಡಿದೆ. ಎರಡು ಕಡೆಯಿಂದ ಒಳಗಿದ್ದಾರೆ ಎಂದು ತೋರಿಸಿತು. ಒಂದು ನೀನು, ಇನ್ನೊಂದು ಒಂದು ಟ್ಯಾಬ್. ಕೊನೆಯ ಸಲ ತೆರೆದದ್ದು ಇವತ್ತು ಬೆಳಿಗ್ಗೆ. ಹೊರಗೆ ಹಾಕಿ ಪಾಸ್‌ವರ್ಡ್ ಬದಲಿಸಿದೆ. ಆದರೆ ಲಾಡ್ಜಿನ ಹೆಸರನ್ನು ಅವರ ತಲೆಯಿಂದ ಹೇಗೆ ಅಳಿಸಲಿ?

ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡು ನೀನು ಬಂದ ದಿನ ನನಗೆ ಅನುಮಾನ ಬಂದಿತ್ತು. ಕೇಳಲಿಲ್ಲ. ಕೇಳಿದರೆ ನೀನು ಹೇಳಿಬಿಡುತ್ತೀಯ ಅನ್ನುವ ಭಯ. ನನ್ನನ್ನು ಬೈಯಿ ಗುಬ್ಬಿ, ಉಗಿ, ಆದರೆ ಮೊದಲು ಅಲ್ಲಿಂದ ಹೊರಡು.

ಅಕ್ಕ


ಮೇ 2

ಅಕ್ಕಾ,

ನಿನ್ನ ಕಾಗದ ಬಹಳ ತಡವಾಗಿ ನನ್ನ ಕೈ ಸೇರಿತು. ಈಗ ಬೇರೆ ಊರಿನಲ್ಲಿದ್ದೇನೆ. ಯಾವುದೆಂದು ಬರೆಯುವುದಿಲ್ಲ.

ಟೀಚರಮ್ಮ ಅಂದು ಮನೆಚಪ್ಪಲಿಯಲ್ಲೇ ಲಾಂಡ್ರಿಗೆ ಓಡಿಬಂದರು. ಆ ಹೊತ್ತಿಗೆ ಮೇಷ್ಟ್ರು ಆ ಊರಿಗೆ ಬಂದು ಎರಡು ದಿನವಾಗಿತ್ತು. ಗೇಟಿನ ಎದುರಿನ ಬೆಂಚಿನ ಮೇಲೆ ಚಿತ್ರದ ಪುಸ್ತಕ ಇಟ್ಟುಕೊಂಡು ಕೂತಿದ್ದರು. ನಾವು ಹೋಗಿ ಬರುವುದು ಹಿಂಬಾಗಿಲಿನಿಂದ, ನನಗೆ ಗೊತ್ತೇ ಇರಲಿಲ್ಲ. ಊಟದ ಬಿಡುವಿನಲ್ಲಿ ನಮ್ಮ ಹೆಂಗಸರನ್ನು ಕೂರಿಸಿ ಪುಕ್ಕಟೆ ಚಿತ್ರ ಬರೆದುಕೊಡುತ್ತಿದ್ದರಂತೆ. ಜೊತೆಯವಳೊಬ್ಬಳು ತನ್ನ ಚಿತ್ರ ತಂದು ತೋರಿಸಿ, "ನೋಡೇ, ಎಷ್ಟ್ ಚೆನ್ನಾಗಿ ಬರ್ದಿದಾರೆ! ತುಂಬಾ ಒಳ್ಳೇ ಮನುಷ್ಯ ಕಣೇ, ನಿಮ್ಮಲ್ಲಿ ಎಡಗೈ ಸ್ವಲ್ಪ ಸೊಟ್ಟ ಇರೋರು ಯಾರಾದ್ರೂ ಇದಾರಾ ಅಂತ ಕೇಳಿದ್ರು" ಅಂದಳು. ನನ್ನ ಕೈಯಲ್ಲಿದ್ದ ಹೊದಿಕೆ ಕೆಳಗೆ ಬಿತ್ತು.

ದೊಡ್ಡಮ್ಮ ನನ್ನ ಮುಖ ನೋಡಿದರು, ಟೀಚರಮ್ಮನ ಚಪ್ಪಲಿ ನೋಡಿದರು. "ವ್ಯಾನ್ ಹೊರಡ್ತಾ ಇದೆ, ಹತ್ತು" ಅಂದರು ಅಷ್ಟೆ. ಒಗೆದ ಬಟ್ಟೆಯ ಮೂಟೆಗಳ ಮಧ್ಯೆ ಮಲಗಿಸಿ ಮೇಲೆ ಇನ್ನೆರಡು ಹೊದಿಕೆ ಎಸೆದರು. ಗೇಟು ದಾಟುವಾಗ ಡ್ರೈವರಿಗೆ ಮೇಷ್ಟ್ರು "ಸ್ವಲ್ಪ ನಿಲ್ಸಿ ಸಾರ್" ಎನ್ನುವುದು ಕೇಳಿಸಿತು. ಅದೇ ತಣ್ಣನೆಯ ದನಿ. ಡ್ರೈವರು ಬೈದುಕೊಂಡು ಮುಂದೆ ಹೋದ. ನಾನು ಮೂಟೆಯೊಳಗೆ ನಿಮಿಷ ಎಣಿಸುತ್ತಿದ್ದೆ. ಹನ್ನೊಂದಕ್ಕೆ ನಿಲ್ಲಿಸಿದೆ.

ಫೋನು ಈಗಿಲ್ಲ. ಅಮ್ಮನ ಮಾತನ್ನು ಕೊನೆಯ ಸಲ ಕೇಳಿದೆ. "ಗುಬ್ಬೀ, ಬಾಗ್ಲು ಸರಿಯಾಗಿ ಹಾಕ್ಕೊಂಡ್ಯಾ? ಮಲ್ಕೋ ಇನ್ನು." ಮೂರು ಸಲ ಕೇಳಿದೆ, ಎಲ್ಲ ಅಳಿಸಿದೆ, ಒಡೆಯಲು ನನ್ನ ಕೈ ಬಾರದೆ ಟೀಚರಮ್ಮನಿಗೆ ಕಳಿಸಿ ಸುತ್ತಿಗೆಯಿಂದ ಒಡೆಸಿದೆ. ಅಮ್ಮ ಎರಡನೆಯ ಸಲ ಹೋದಳು ಅಕ್ಕಾ.

ನಿನ್ನ ಮೇಲೆ ಕೋಪವಿಲ್ಲ ಅಂತ ಬರೆಯಬೇಕೆಂದು ಕೂತೆ. ಬರೆಯಲಾರೆ. ಕೋಪವಿದೆ. ಆ್ಯಪ್ ಹಾಕಿದ್ದಕ್ಕಲ್ಲ, ನಿನಗೇನು ಗೊತ್ತಿತ್ತು ಪಾಪ. ನಾನು "ಯಾರು ಹಾಕಿದ್ದು" ಎಂದು ಕೇಳಿದಾಗ ಕಂಡವರ ನೆಗಡಿಯ ಸುದ್ದಿ ಬರೆದೆಯಲ್ಲ, ಅದಕ್ಕೆ. ಆ ಹತ್ತು ಹದಿನೈದು ದಿನ ನನಗೆ ಸಿಕ್ಕಿದ್ದರೆ ಟೀಚರಮ್ಮನ ಮನೆ, ದೊಡ್ಡಮ್ಮ, ಚಿಲಕದ ಕೋಣೆ ಎಲ್ಲ ಉಳಿಯುತ್ತಿತ್ತೋ ಏನೋ.

ಪ್ರತಿ ತಿಂಗಳ ಮೊದಲ ವಾರ ಒಂದು ಲಕೋಟೆ ಕಳಿಸುತ್ತೇನೆ. ಒಳಗೆ ಏನೂ ಇರುವುದಿಲ್ಲ. ಬಂದರೆ ಇದ್ದೇನೆ ಅಂದುಕೋ. ನನ್ನನ್ನು ಹುಡುಕಬೇಡ. ಅವರಿಂದ ಮಾತ್ರವಲ್ಲ, ನಿನ್ನಿಂದಲೂ ಸ್ವಲ್ಪ ದಿನ ಕಾಣದೆ ಇರಬೇಕು ಅನ್ನಿಸುತ್ತಿದೆ. ಇನ್ನೊಂದು, ನಿನ್ನ ಕಿವಿಯನ್ನು ನಾನು ಬಲ್ಲೆ.

ತಂಗಿ


ಜುಲೈ 11

ಗುಬ್ಬಿ,

ಈ ಕಾಗದಕ್ಕೆ ವಿಳಾಸವಿಲ್ಲ. ಬರೆದು ಅಂಗಡಿಯ ಮೇಜಿನ ಡ್ರಾಯರಿನಲ್ಲಿ ಇಡುತ್ತೇನೆ. ನೀನು ಬಂದಾಗ ಓದು. ಬರದಿದ್ದರೂ ಇಲ್ಲೇ ಇರಲಿ.

ಜೂನ್ ತಿಂಗಳ ಲಕೋಟೆ ಬಂತು, ಜುಲೈಯದೂ ಬಂತು. ಅಂಚೆ ಮುದ್ರೆಯಲ್ಲಿ ಊರಿನ ಹೆಸರು ಇರುತ್ತದೆಂದು ನೀನು ಮರೆತಿದ್ದೀಯ. ನಾನು ಮರೆಯಲಿಲ್ಲ. ಮೇ ತಿಂಗಳ ಕಾಗದದ್ದು ಪುಣ್ಯಕ್ಕೆ ಮಸಿ ಕಲಸಿಹೋಗಿತ್ತು. ಜೂನ್‌ನದು ಬಂದಾಗ ಕನ್ನಡಕದಂಗಡಿಯವರು ತಂದುಕೊಟ್ಟರು. ಮುದ್ರೆ ಕಾಣದಂತೆ ಲಕೋಟೆಯನ್ನು ಬೋರಲು ಹಿಡಿದುಕೊಂಡು, "ಆ ಮುದ್ರೆ ಇರೋ ಮೂಲೆ ಕತ್ತರಿಸಿ ಸುಟ್ಟುಬಿಡಿ, ನೀವೂ ನೋಡಬೇಡಿ" ಅಂದೆ. ಅವರು ತಮ್ಮ ಕನ್ನಡಕ ತೆಗೆದು ಜೇಬಿಗಿಟ್ಟು, ತಡವಿಕೊಂಡು ಕತ್ತರಿಸಿದರು. ಬೆರಳಿಗೂ ಒಂದಿಷ್ಟು ತಾಗಿಸಿಕೊಂಡರು. ಜುಲೈಯದನ್ನು ಕತ್ತರಿಸಿಯೇ ತಂದರು. ಮೂಲೆಯಿಲ್ಲದ ಎರಡು ಲಕೋಟೆ ನನ್ನ ಹತ್ತಿರ ಇವೆ. ಆ ಮೂಲೆಗೆ ನಾನು ಎಷ್ಟು ಆಸೆಪಟ್ಟೆ ಅಂತ ನಿನಗೆ ಹೇಳಿದರೆ ನೀನು ಮತ್ತೆ ಬರೆಯುವುದೇ ಇಲ್ಲ.

ಡಬ್ಬಿಗೆ ಚೀಟಿ ಅಂಟಿಸುವುದನ್ನು ಬಿಟ್ಟೆ. ಪಾಸ್‌ವರ್ಡ್ ಹಾಕುವ ಹೊತ್ತಿಗೆ ಫೋನನ್ನು ಅದರ ಯಜಮಾನರ ಕೈಗೇ ಕೊಟ್ಟು ಗೋಡೆಗೆ ಮುಖ ಮಾಡಿ ನಿಲ್ಲುತ್ತೇನೆ. "ಇದೇನ್ ಹೊಸ ನಾಟಕ, ನೀವೇ ಹಾಕಿಕೊಡಿ" ಎಂದು ಬೈಯುತ್ತಾರೆ. ಹೆಂಡತಿಯ ಫೋನು, ಮಗಳ ಫೋನು ಹಿಡಿದುಕೊಂಡು ಬಂದವರಿಗೆ "ಅವರನ್ನೇ ಕರ್ಕೊಂಡ್ ಬನ್ನಿ" ಅನ್ನುತ್ತೇನೆ. ವ್ಯಾಪಾರ ಕಡಿಮೆಯಾಗಿದೆ, ಆಗಲಿ. ಹಳೆ ಗಿರಾಕಿಗಳನ್ನೆಲ್ಲ ಒಬ್ಬೊಬ್ಬರಾಗಿ ಕರೆಸಿ ಚೀಟಿ ಕೀಳಿಸುತ್ತಿದ್ದೇನೆ.

ಅಮ್ಮನ ಮಾತು ಹೋಗಿಲ್ಲ ಗುಬ್ಬಿ. ಅದೂ ಆ ಖಾತೆಯಲ್ಲೇ ಉಳಿದಿತ್ತು, ಮಾರ್ಚಿನಲ್ಲಿ ಖಾತೆಗೆ ಹೊಕ್ಕ ದಿನವೇ ಇಳಿಸಿಕೊಂಡೆ. ಇಂಟರ್ನೆಟ್ಟೇ ಇಲ್ಲದ ಹಳೆ ಗುಂಡಿ ಫೋನಿನಲ್ಲಿ ಹಾಕಿ ಇದೇ ಡ್ರಾಯರಿನಲ್ಲಿ ಇಟ್ಟಿದ್ದೇನೆ. ನಾನು ಕೇಳಿಲ್ಲ. ಅದು ನಿನಗೆ ಹೇಳಿದ್ದು. ಅಮ್ಮನನ್ನು ನೀನು ಎರಡನೆಯ ಸಲ ಕಳಕೊಂಡೆ ಅಂದುಕೊಂಡು ಎಲ್ಲೋ ಇದ್ದೀಯ, ಇಲ್ಲ ಕಣೇ ಎಂದು ಹೇಳಲು ನನಗೆ ದಾರಿಯಿಲ್ಲ. ಟೀಚರಮ್ಮನಿಗೂ ಈಗ ನಿನ್ನ ವಿಳಾಸ ಗೊತ್ತಿಲ್ಲವಂತೆ.

ಇವತ್ತು ಬರೆಯಲು ಕೂತದ್ದಕ್ಕೆ ಕಾರಣ ಬೇರೆ. ಬೆಳಿಗ್ಗೆ ಮೇಷ್ಟ್ರು ಬಂದಿದ್ದರು. ಈ ಸಲ ನೆಪವಿರಲಿಲ್ಲ. ಸ್ಟೂಲನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡು ಎಡಗಡೆ ಕೂತರು, ಕಿವಿ ಕಾಣುವ ಹಾಗೆ. "ಅಕ್ಕಾ, ಅವಳು ಎಲ್ಲಿದ್ದಾಳೆ?" ಅಂದರು.

"ಗೊತ್ತಿಲ್ಲ" ಅಂದೆ.

ಅವರು ಚಿತ್ರ ಬರೆಯುವಾಗ ನೋಡುತ್ತಾರಲ್ಲ, ಹಾಗೆ ನೋಡುತ್ತಾ ಕೂತರು. ನಾನು ಬಿಚ್ಚಿದ್ದ ಫೋನಿಗೆ ಒಂದೊಂದೇ ತಿರುಪು ಹಾಕುತ್ತಾ ಹೋದೆ. ಕೊನೆಯ ತಿರುಪು ಕೂತಾಗಲೂ ಅವರು ನೋಡುತ್ತಲೇ ಇದ್ದರು. ಆಮೇಲೆ ಎದ್ದರು. ಬಾಗಿಲಲ್ಲಿ ತಿರುಗಿ, "ನಿಮಗೂ ಹೇಳಿಲ್ವಾ?" ಅಂದರು. ದನಿ ಮೊದಲ ಸಲ ನಡುಗಿತು. ಈ ದಾರಿ ಇಲ್ಲಿಗೆ ಮುಗಿಯಿತು ಎಂದು ಅವರಿಗೆ ಅರ್ಥವಾಯಿತು. ಮತ್ತೆ ಬರುವುದಿಲ್ಲ ಅನ್ನಿಸುತ್ತದೆ, ಆದರೂ ಹೇಳಲಾಗದು.

ಅವರು ಬೀದಿ ತಿರುಗುವವರೆಗೂ ನೋಡಿದೆ. ಆಮೇಲೆ ಒಳಗೆ ಬಂದು ಕಿವಿ ಮುಟ್ಟಿ ನೋಡಿಕೊಂಡೆ. ತಣ್ಣಗಿತ್ತು. ಅಲ್ಲೇ ಕೂತು, ಗಿರಾಕಿಗಳು ಕಾಯುತ್ತಿದ್ದರೂ, ಹೋ ಎಂದು ಅತ್ತೆ.

ನೀನು ಎಲ್ಲಿದ್ದೀಯೆಂದು ಗೊತ್ತಿಲ್ಲದ,
ಅಕ್ಕ